ಇಳಿದ

ಮಧುಗಿರಿಯ ದೊಡ್ಡಾಸ್ಪತ್ರೆಯಲ್ಲಿ ಮಂಗಳವಾರದ ಮೇಡಂ
ಒಂದು ಹಾಳೆ ಕೊಟ್ಟಿದ್ದರು.
ಉಸಿರು ಎಳಕೊಳ್ಳಿ, ನಾಲ್ಕು ಎಣಿಸಿ, ಬಿಡಿ.
ಬೆಳಗ್ಗೆ ನಡೀರಿ. ಹೋದವರಿಗೊಂದು ಕಾಗದ ಬರೀರಿ.
ಒಳ್ಳೆಯ ಹೆಂಗಸು,
ನನ್ನ ಮಾತು ಕೇಳುವಾಗ ಗಡಿಯಾರ ನೋಡುತ್ತಿರಲಿಲ್ಲ.
ನಡೆದೆ. ನಾಲ್ಕು ಎಣಿಸಿದೆ.
ಕಾಗದ ಮಾತ್ರ ‘ರೀ’ ಅಂತ ಬರೆದಲ್ಲಿಗೆ ನಿಂತಿತು.
ಆ ಒಂದಕ್ಷರದ ಮುಂದೆ ಏನು ಬರೆಯಲಿ,
ರೇಷನ್ ತಂದೆ ಅಂತಲೇ?

ಗಾಳಿ ಬೀಸಿದರೆ ನಮ್ಮೂರಲ್ಲಿ ಕರೆಂಟು ಹೋಗುತ್ತದೆ.
ಎಲ್ಲರಿಗೂ ಅದು ಕತ್ತಲೆ.
ನನಗೆ, ಎಲ್ಲೋ ಒಬ್ಬ ಕಂಬ ಹತ್ತುತ್ತಿದ್ದಾನೆ
ನಮ್ಮ ಮನೆಯವರು ಹತ್ತಿದ ಹಾಗೆ,
ಸೊಂಟಕ್ಕೆ ಹಗ್ಗ, ಬಾಯಲ್ಲಿ ಬೀಡಿಯ ಮೋಟು.
ಲೈನ್ ಕ್ಲಿಯರ್ ಅಂತ ಯಾರೋ ಹೇಳಿದ್ದರು.
ಆಗಿರಲಿಲ್ಲ.
ಆವತ್ತು ಬೀದಿಯ ಮಕ್ಕಳೆಲ್ಲ ‘ಬಂತೂ’ ಅಂತ ಕೂಗಿದ್ದವು.
ನಾನೂ ಅಡುಗೆಮನೆಯಲ್ಲಿ ‘ಬಂತು’ ಅಂದು
ಮಿಕ್ಸಿ ಹಾಕಿದ್ದೆ.

ತಿಥಿ ಮುಗಿದ ವಾರ ಮತ್ತೆ ಹೋಯಿತು.
ಕ್ಯಾಲೆಂಡರಿನ ಮೂಲೆಯಲ್ಲಿ ಅವರೇ ಬರೆದಿಟ್ಟ
ಆಫೀಸಿನ ನಂಬರು ಒತ್ತಿದೆ.
“ಯಾರು ಹತ್ತಿದ್ದಾರೆ?”
“ಮೂಡಲಗಿರಿಯಣ್ಣನ ಮನೆಯಿಂದಲಾ?” ಅಂದ ಮುನೀರ್.
ಸಮಾಧಾನ ಮಾಡ್ಕೊಳ್ಳಿ ಅನ್ನಲಿಲ್ಲ,
ಹಣೆಬರಹ ಅನ್ನಲಿಲ್ಲ.
“ಕಾಟಲಿಂಗ, ಅಕ್ಕ. ಸಂತೆ ಬಯಲಿನ ಕಂಬ.”
ಹದಿನೆಂಟು ನಿಮಿಷಕ್ಕೆ ಅವನೇ ಫೋನ್ ಮಾಡಿದ.
“ಇಳಿದ.”
ಅಷ್ಟೇ. ಇಟ್ಟ.
ಗೋಡೆಗೊರಗಿ ಕೂತೆ.
ಎಣಿಸದೆಯೇ ಉಸಿರು ಹೊರಗೆ ಬಂತು.

ಮಳೆಗಾಲವೆಲ್ಲ ಹೀಗೇ.
ರಾತ್ರಿ ಮೂರಕ್ಕೂ ಕೇಳಿದ್ದೇನೆ.
ಒಮ್ಮೆ ಅವನ ದನಿಯಲ್ಲಿ ನಿದ್ದೆ, ಒಮ್ಮೆ ಬಾಯಲ್ಲಿ ಅನ್ನ,
ಒಮ್ಮೆ ಸಿಟ್ಟೂ ಇತ್ತು:
“ಲೋಡ್ ಶೆಡ್ಡಿಂಗ್ ಅಕ್ಕ, ಯಾರೂ ಹತ್ತಿಲ್ಲ, ಮಲಕ್ಕೊಳ್ಳಿ!”
ಮಲಗಿದೆ.
ಇದೆಂಥ ಹುಚ್ಚು ಅಂದರು ನಾದಿನಿ.
ಇರಬಹುದು. ಮೇಡಂಗೂ ಹೇಳಿದೆ.
ಅವರು ಪೆನ್ನಿಗೆ ಮುಚ್ಚಳ ಹಾಕಿ ಸ್ವಲ್ಪ ಹೊತ್ತು ಸುಮ್ಮನಿದ್ದು
“ಆ ಮುನೀರ್‌ಗೆ ನನ್ನ ನಮಸ್ಕಾರ ಹೇಳಿ” ಅಂದರು.

ಮಾಗಿ ಕಳೆದು ಹುಣಸೆ ಬಂತು.
ಎದುರು ಮನೆ ಸಣ್ಣೀರಮ್ಮ ಕೇಳಲೂ ಇಲ್ಲ,
ಜಗಲಿ ಮೇಲೆ ನನಗೂ ಒಂದು ಗೋಣಿ ಸುರಿದಿದ್ದಳು.
“ಕೈ ಸುಮ್ನಿದ್ರೆ ತಲೆ ಸುಮ್ನಿರಲ್ಲ ಕಣೇ, ಕೂತ್ಕೋ.”
ಸಿಪ್ಪೆ ಬಡಿ, ನಾರು ಎಳಿ, ಬೀಜ ಬಿಡಿಸು.
ಅವರು ಚೌಕಾಬಾರಕ್ಕೆಂದು ತೇದಿಟ್ಟ ನಾಲ್ಕು ಬೀಜ
ಇನ್ನೂ ಗೂಡಿನಲ್ಲಿವೆ.
ಯಾರೂ ಅವರ ಹೆಸರೆತ್ತಲಿಲ್ಲ, ನಾನೇ ಎತ್ತಿದೆ:
ಆಟದಲ್ಲಿ ಎಷ್ಟು ಕಳ್ಳಾಟ ಆಡುತ್ತಿದ್ದರು ಅಂತ.
ಸಣ್ಣೀರಮ್ಮ ತನ್ನ ಗಂಡ ಮದುವೆಗೆ
ಒಂದೇ ಚಪ್ಪಲಿಯಲ್ಲಿ ಬಂದ ಕಥೆ ಶುರು ಮಾಡಿದಳು.
ಬೆಟ್ಟದ ನೆರಳು ಬೀದಿ ದಾಟಿತು. ಕರೆಂಟು ಹೋಯಿತು.
ಯಾರೂ ಏಳಲಿಲ್ಲ.
ಕತ್ತಲಲ್ಲೂ ಬೆರಳಿಗೆ ಬೀಜ ಗೊತ್ತು.
ಇನ್ನೊಂದು ಚಪ್ಪಲಿ ಎಲ್ಲಿ ಹೋಯಿತೋ ಅಂತ
ನಗುತ್ತಿರುವಾಗಲೇ ದೀಪ.
‘ಬಂತೂ’ ಅಂತ ಮಕ್ಕಳು.
ಅದರೊಳಗೆ ಒಂದು ಗೊಗ್ಗರು ದನಿ.
ನನ್ನದು.
ಬೆಚ್ಚಿಬಿದ್ದೆ.

ಫೋನ್ ಬಡಕೊಂಡಿತು. ಎರಡೂ ಕೈ ಅಂಟು.
ಜಬೀನಾಳ ಮಗಳು ಕಿವಿಗೆ ಹಿಡಿದಳು.
“ಏನಕ್ಕ, ಇವತ್ತು ಕೇಳಲೇ ಇಲ್ಲ?”
ಏನು ಹೇಳಲಿ? ಮರೆತೆ ಅನ್ನಲು ನಾಚಿಕೆ.
ಅವನೇ ಅಂದ, “ಇಳಿದ.”

ರಾತ್ರಿ ಆ ಹಾಳೆ ತೆಗೆದೆ.
‘ರೀ’ ಅಂತಿದ್ದುದರ ಮುಂದೆ ಬರೆದೆ:
ಕಾಟಲಿಂಗ ಇಳಿದ. ಹುಣಸೆ ಮೂರು ಕೇಜಿ ಆಯಿತು.
ಮುಂದಿನದು ಬರೆಯುವಷ್ಟರಲ್ಲಿ
ಕಾಗದ ಬೆರಳಿಗೇ ಅಂಟಿಕೊಂಡು ಬಂತು.